ಡ್ರಿಲ್ ಬ್ಯಾಟರಿ ಸತ್ತಾಗ: ಬ್ಯಾಟರಿ ಹಾಕಿಸೋದಾ, ಹೊಸ ಮಿಷನ್ ತರೋದಾ?

ಈ ವಾರದ ಪಾಠ ಬೆಳೆ ಬಗ್ಗೆ ಅಲ್ಲ, ಗೊಬ್ಬರದ ಬಗ್ಗೆಯೂ ಅಲ್ಲ. ನಮ್ಮಲ್ಲಿ ಬಹಳಷ್ಟು ಜನರ ಮನೆಯಲ್ಲಿ ಈಗ ಇರೋ ಒಂದು ಸಣ್ಣ ಮಿಷನ್ ಬಗ್ಗೆ. ವೈರಿಲ್ಲದ ಡ್ರಿಲ್. ಡ್ರಿಪ್ ಹಾಕುವಾಗ ಸಬ್‌ಮೇನ್ ಪೈಪಿಗೆ ತೂತು ಹೊಡೆಯೋಕೆ, ಕೊಟ್ಟಿಗೆಯ ತಗಡು ಬಿಗಿಯೋಕೆ, ನೆರಳು ಪರದೆಯ ಕಂಬಕ್ಕೆ ಕ್ಲಾಂಪ್ ಹಾಕೋಕೆ, ಸಿಂಟೆಕ್ಸಿಗೆ ನಲ್ಲಿ ಕೂರಿಸೋಕೆ, ಎಲ್ಲದಕ್ಕೂ ಅದೇ ಬೇಕು. ತಂದ ಮೂರ್ನಾಲ್ಕು ವರ್ಷ ಚೆನ್ನಾಗೇ ಇರುತ್ತೆ. ಆಮೇಲೆ ಒಂದು ದಿನ ಬ್ಯಾಟರಿ ಕೈ ಕೊಡುತ್ತೆ. ಆಗ ಎಲ್ಲರದ್ದೂ ಒಂದೇ ಪ್ರಶ್ನೆ: ಬ್ಯಾಟರಿ ಮಾತ್ರ ಹಾಕಿಸ್ಲಾ, ಇಲ್ಲಾ ಹೊಸ ಸೆಟ್ಟೇ ತಗೊಂಡು ಬಿಡ್ಲಾ?

ನಾನು ಈ ಪ್ರಶ್ನೆಗೆ ಮೊದಲು ತಪ್ಪು ಉತ್ತರ ಕೊಟ್ಟು, ಹಣ ಕಳೆದುಕೊಂಡು, ಇನ್ನೇನು ಕೊಟ್ಟಿಗೆಯನ್ನೂ ಕಳೆದುಕೊಳ್ಳೋದರಲ್ಲಿದ್ದೆ. ಅದನ್ನೇ ಮೊದಲು ಹೇಳ್ತೀನಿ.

ನಮ್ಮದು ತುಮಕೂರು ಜಿಲ್ಲೆ. ಕಳೆದ ವರ್ಷ ಜನವರಿಯಲ್ಲಿ ಎರಡು ಎಕರೆಗೆ ಟೊಮೇಟೊ ಹಾಕೋಣ ಅಂತ ನರ್ಸರಿಯಲ್ಲಿ ಸಸಿ ಬುಕ್ ಮಾಡಿದ್ದೆ. ನಾಲ್ಕು ಅಡಿ ಸಾಲು, ಸಬ್‌ಮೇನಿಗೆ ನೂರಕ್ಕೂ ಮೇಲೆ ತೂತು ಹೊಡೆಯಬೇಕಿತ್ತು. ನನ್ನ ಹತ್ತಿರ 2018ರಲ್ಲಿ ತಂದ 18 ವೋಲ್ಟಿನ ಡ್ರಿಲ್, ಅದರ ಜೊತೆ ಬಂದ 1.5 ಎಎಚ್ ಬ್ಯಾಟರಿ ಎರಡು. ಒಂದು ಆಗಲೇ ಸತ್ತು ಮೂಲೆ ಸೇರಿತ್ತು. ಇನ್ನೊಂದು ಹೊಸದಿದ್ದಾಗ ಒಂದು ಚಾರ್ಜಿಗೆ ಇಡೀ ತೋಟದ ಪೈಪ್ ಮುಗಿಸ್ತಿತ್ತು. ಈಗ ಮೂವತ್ತನೇ ತೂತಿಗೆ ಗೊರ್ರ್ ಅಂತ ನಿಂತೇ ಹೋಯ್ತು. ಮತ್ತೆ ಚಾರ್ಜಿಗೆ ಹಾಕಿದರೆ ಹತ್ತೇ ನಿಮಿಷಕ್ಕೆ ಹಸಿರು ದೀಪ. ತಗೊಂಡು ಹೋದರೆ ಹದಿನೈದು ತೂತು. ಸಸಿ ಬರೋಕೆ ಮೂರು ದಿನ ಬಾಕಿ.

ಅವತ್ತು ರಾತ್ರಿ ಮೊಬೈಲಲ್ಲಿ ಹುಡುಕಿದೆ. ಕಂಪನಿಯ ಅಸಲಿ ಬ್ಯಾಟರಿ ಒಂದಕ್ಕೆ 3,400 ರೂಪಾಯಿ. ಅದರ ಕೆಳಗೇ ಇನ್ನೊಂದು ಕಾಣಿಸ್ತು. ನೋಡೋಕೆ ಥೇಟ್ ಅದೇ ಥರ, 4 ಎಎಚ್ ಅಂತ ಬರೆದಿದೆ, ಜೋಡಿಗೆ ಬರೀ 2,500. ಅಂದರೆ ಒಂದಕ್ಕೆ 1,250. ಕಣ್ಣು ಮುಚ್ಚಿ ಒತ್ತಿದೆ. ಎರಡೇ ದಿನಕ್ಕೆ ಬಂತು, ಕೆಲಸವೂ ಮುಗೀತು, ಸಸಿಯೂ ನೆಟ್ಟಾಯ್ತು. ನಾನೇ ಬುದ್ಧಿವಂತ ಅಂದುಕೊಂಡಿದ್ದೆ.

ಮೂರು ವಾರ ಕಳೆದ ಮೇಲೆ ಒಂದು ರಾತ್ರಿ. ಕೊಟ್ಟಿಗೆಯ ಒಳಗಡೆ ಸ್ವಿಚ್ ಬೋರ್ಡ್ ಇದೆ, ಅಲ್ಲೇ ಚಾರ್ಜಿಗೆ ಹಾಕಿ ಮಲಗಿದ್ದೆ. ಮೇಲೆ ಅಟ್ಟದ ತುಂಬ ಆಗ ತಾನೇ ಒಕ್ಕಣೆ ಮುಗಿಸಿ ಒಟ್ಟಿದ್ದ ರಾಗಿ ಹುಲ್ಲು. ಕೆಳಗೆ ಎರಡು ಹಸು, ಒಂದು ಕರು. ಹನ್ನೊಂದು ಗಂಟೆ ಸುಮಾರಿಗೆ ಅಪ್ಪ ದನಕ್ಕೆ ಮೇವು ಹಾಕೋಕೆ ಎದ್ದು ಹೋದರು. ಹೋದವರೇ ಕೂಗಿಕೊಂಡರು. ಪ್ಲಾಸ್ಟಿಕ್ ಸುಟ್ಟ ವಾಸನೆ, ಬ್ಯಾಟರಿಯ ಡಬ್ಬ ಒಂದು ಕಡೆ ಕರಗಿ ಬಗ್ಗಿದೆ, ಸಂದಿಯಿಂದ ಹೊಗೆ. ಅಪ್ಪ ಮೇನ್ ಆಫ್ ಮಾಡಿ, ಉದ್ದ ಕಾವಿನ ಗುದ್ದಲಿಯಲ್ಲಿ ಅದನ್ನ ಎಳೆದು ಅಂಗಳಕ್ಕೆ ತಳ್ಳಿದ್ದರು. ನಾನು ಓಡಿ ಬರೋ ಹೊತ್ತಿಗೆ ಅದು ಮಣ್ಣಿನ ಮೇಲೆ ಬಿದ್ದು ಬುಸುಗುಡ್ತಾ ಇತ್ತು. ಬಕೆಟ್ ಮೇಲೆ ಬಕೆಟ್ ನೀರು ಸುರಿದ ಮೇಲೆ ತಣ್ಣಗಾಯ್ತು.

ಅಪ್ಪ ಬೈಯಲಿಲ್ಲ. "ಅರ್ಧ ಗಂಟೆ ತಡ ಆಗಿದ್ರೆ ಏನಾಗ್ತಿತ್ತು ಮಗಾ" ಅಂದರು, ಅಷ್ಟೇ. ಬೈದಿದ್ದರೇ ವಾಸಿ ಇತ್ತು.

ಆಮೇಲೆ ನಾನು ಈ ಬ್ಯಾಟರಿ ಅನ್ನೋದನ್ನ ಸರಿಯಾಗಿ ಕಲಿಯೋಕೆ ಕೂತೆ. ಊರ ಹತ್ತಿರದ ಪಟ್ಟಣದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿ ರಿಪೇರಿ ಮಾಡೋ ಹುಡುಗ ಒಬ್ಬನಿದ್ದಾನೆ. ಅವನ ಅಂಗಡಿಯಲ್ಲಿ ಎರಡು ಮಧ್ಯಾಹ್ನ ಕೂತು ನೋಡಿದ್ದು, ಆಮೇಲೆ ನಾನೇ ಮಾಡಿ ತಿಳಿದದ್ದು, ಇಲ್ಲಿ ಬರೀತಿದ್ದೀನಿ.

ಡಬ್ಬದ ಒಳಗೆ ಏನಿದೆ

18 ವೋಲ್ಟ್ ಬ್ಯಾಟರಿ ಬಿಚ್ಚಿದರೆ ಒಳಗೆ ಪೆನ್ಸಿಲ್ ಸೆಲ್ಲಿಗಿಂತ ಸ್ವಲ್ಪ ದಪ್ಪನೆಯ ಐದು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿರ್ತಾರೆ. ಇದಕ್ಕೆ 18650 ಅಂತ ಹೆಸರು: 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ. ಒಂದು ಸೆಲ್ 3.6 ವೋಲ್ಟ್. ಐದು ಸೇರಿದರೆ 18. ಪೂರ್ತಿ ಚಾರ್ಜ್ ಆದಾಗ ಒಂದೊಂದು 4.2 ವೋಲ್ಟ್ ತೋರಿಸುತ್ತೆ, ಐದಕ್ಕೆ 21.

ಇಲ್ಲಿ ಒಂದು ಮಾತು ಗಮನಿಸಿ. ಅಂಗಡಿಯಲ್ಲಿ "ಅದು 18 ವೋಲ್ಟ್, ಇದು 20 ವೋಲ್ಟ್, ಅದಕ್ಕಿಂತ ಇದು 21, ಪವರ್ ಜಾಸ್ತಿ" ಅಂತಾರಲ್ಲ, ಮೂರೂ ಒಂದೇ. ಐದೇ ಸೆಲ್. ಡಿವಾಲ್ಟ್ ಕಂಪನಿ ಅದೇ ಐದು ಸೆಲ್ಲಿನ ಬ್ಯಾಟರಿಯನ್ನ ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಅಂತಲೂ ಯುರೋಪಿನಲ್ಲಿ 18 ವೋಲ್ಟ್ ಅಂತಲೂ ಮಾರುತ್ತೆ. ಇನ್ನು ಹೆಸರಿಲ್ಲದ ಮಿಷನ್‌ಗಳ ಮೇಲೆ 48 ವಿಎಫ್, 88 ವಿಎಫ್ ಅಂತೆಲ್ಲ ಬರೆದಿರ್ತಾರೆ. ಅದು ವೋಲ್ಟೇ ಅಲ್ಲ, ಮಾರೋಕೆ ಹಚ್ಚಿದ ಬಣ್ಣ. ಒಳಗೆ ಎಣಿಸಿದರೆ ಅದೇ ಐದು ಸೆಲ್, ಕೆಲವು ಸಲ ನಾಲ್ಕೇ.

ಶಕ್ತಿ ಎಷ್ಟಿದೆ ಅಂತ ತಿಳಿಯೋಕೆ ವೋಲ್ಟನ್ನ ಎಎಚ್‌ನಿಂದ ಗುಣಿಸಬೇಕು. 18 ವೋಲ್ಟ್, 2 ಎಎಚ್ ಅಂದರೆ 36 ವ್ಯಾಟ್ ಅವರ್. 4 ಎಎಚ್ ಅಂದರೆ 72. ಬ್ಯಾಟರಿಗೆ ಕೊಡೋ ದುಡ್ಡು ಈ ವ್ಯಾಟ್ ಅವರಿಗೆ. ಹಾಲನ್ನ ಲೀಟರ್ ಲೆಕ್ಕದಲ್ಲಿ ತಗೊಂಡ ಹಾಗೆ.

ಸೆಲ್ ಜೊತೆಗೆ ಒಂದು ಸಣ್ಣ ಹಸಿರು ಬೋರ್ಡ್ ಇರುತ್ತೆ, ಬಿಎಂಎಸ್ ಅಂತಾರೆ. ಸೆಲ್ ತೀರಾ ಬರಿದಾಗದ ಹಾಗೆ, ತೀರಾ ತುಂಬದ ಹಾಗೆ, ಬಿಸಿ ಆಗದ ಹಾಗೆ ಕಾಯೋ ಕಾವಲುಗಾರ ಅದು. ಡ್ರಿಲ್ ಜೋರಾಗಿ ಕೆಲಸ ಮಾಡುವಾಗ 20 ಆಂಪಿಯರ್, ಒಮ್ಮೊಮ್ಮೆ ಅದಕ್ಕೂ ಜಾಸ್ತಿ ಎಳೆಯುತ್ತೆ. ಅಷ್ಟು ಕೊಡಬಲ್ಲ ಸೆಲ್ಲೇ ಬೇರೆ, ಅದಕ್ಕೆ ಹೈ ಡ್ರೈನ್ ಸೆಲ್ ಅಂತಾರೆ. ಹಳೇ ಲ್ಯಾಪ್‌ಟಾಪಿನ ಸೆಲ್ ನೋಡೋಕೆ ಒಂದೇ ಥರ, ಆದರೆ ಅದು ನಿಧಾನವಾಗಿ ಸ್ವಲ್ಪ ಸ್ವಲ್ಪ ಕೊಡೋ ಜಾತಿ. ಅದನ್ನ ಡ್ರಿಲ್ಲಿಗೆ ಹಾಕೋದು ಕರುವಿಗೆ ನೊಗ ಕಟ್ಟಿದ ಹಾಗೆ.

ನನ್ನ 4 ಎಎಚ್ ನಕಲಿಯ ಕಥೆ ಏನು ಗೊತ್ತಾ? ಸುಟ್ಟ ಜೋಡಿಯಲ್ಲಿ ಉಳಿದದ್ದನ್ನ ಆ ಹುಡುಗ ಟೆಸ್ಟರಿಗೆ ಹಾಕಿ ಅಳೆದ. ಬಂದದ್ದು 1.3 ಎಎಚ್. ಅಂದರೆ ಸುಮಾರು 23 ವ್ಯಾಟ್ ಅವರ್. ಡಬ್ಬದ ಮೇಲಿನ ಲೆಕ್ಕ ನಂಬಿದರೆ ಒಂದು ವ್ಯಾಟ್ ಅವರಿಗೆ 17 ರೂಪಾಯಿ, ನಿಜದ ಲೆಕ್ಕದಲ್ಲಿ 53. ಒಳಗಿನ ಬೋರ್ಡಿನಲ್ಲಿ ಒಂದೊಂದು ಸೆಲ್ಲನ್ನ ನೋಡಿಕೊಳ್ಳೋ ವೈರೇ ಇರಲಿಲ್ಲ. ಐದರಲ್ಲಿ ಒಂದು ಸೆಲ್ ಸೋತರೂ ಚಾರ್ಜರಿಗೆ ಗೊತ್ತಾಗಲ್ಲ, ಅದು ಒಟ್ಟು 21 ಬರೋವರೆಗೂ ತುಂಬ್ತಾ ಹೋಗುತ್ತೆ. ಉಳಿದ ನಾಲ್ಕು ಸೆಲ್ ಮಿತಿ ಮೀರಿ ತುಂಬ್ತವೆ. ನಮ್ಮ ಕೊಟ್ಟಿಗೆಯಲ್ಲಿ ಆದದ್ದು ಅದೇ ಇರಬೇಕು ಅಂದ.

ಇದನ್ನ ಕೊಳ್ಳೋ ಮೊದಲೇ ಕಂಡುಹಿಡಿಯೋ ಉಪಾಯ ಒಂದಿದೆ, ತಕ್ಕಡಿ. ಒಂದು 18650 ಸೆಲ್ ಸುಮಾರು 45 ಗ್ರಾಂ ತೂಗುತ್ತೆ. ಈ ಸೆಲ್ಲಿನಲ್ಲಿ 4 ಎಎಚ್ ಬೇಕಾದರೆ ಹತ್ತು ಸೆಲ್ ಬೇಕು, ಬರೀ ಸೆಲ್ಲೇ 450 ಗ್ರಾಂ. ಇನ್ನೂ ದಪ್ಪನೆಯ 21700 ಸೆಲ್ ಐದೇ ಹಾಕಿದರೂ ಸೆಲ್ಲಿನ ತೂಕ 350 ಗ್ರಾಂ ಹತ್ತಿರ ಬರುತ್ತೆ, ಮೇಲೆ ಡಬ್ಬದ ತೂಕ. ನನ್ನ ನಕಲಿ ಡಬ್ಬ ಸೇರಿ 310 ಗ್ರಾಂ ಇತ್ತು. ತರಕಾರಿ ತೂಗೋ ತಕ್ಕಡಿಯಲ್ಲೇ ಗೊತ್ತಾಗ್ತಿತ್ತು. ಆನ್‌ಲೈನಲ್ಲಿ ತಗೊಂಡರೂ ಬಂದ ದಿನವೇ ತೂಗಿ, ಸುಳ್ಳಾದರೆ ವಾಪಸ್ ಕಳಿಸಿ.

ಮೊದಲು ರೋಗ ಯಾವುದು ನೋಡಿ

ಬ್ಯಾಟರಿಯೇ ಸತ್ತಿದೆ ಅಂತ ಹೇಗೆ ಗೊತ್ತು? ಡ್ರಿಲ್ ನಿಂತರೆ ನಾವು ಬ್ಯಾಟರಿಯನ್ನೇ ಬೈತೀವಿ. ಆದರೆ ಕಾರಣ ಮೂರು ಕಡೆ ಇರಬಹುದು: ಬ್ಯಾಟರಿ, ಚಾರ್ಜರ್, ಮಿಷನ್. ಊರಲ್ಲಿ ಅದೇ ಕಂಪನಿಯ ಡ್ರಿಲ್ ಇರೋರು ಒಬ್ಬರಾದರೂ ಸಿಗ್ತಾರೆ. ಅವರ ಬ್ಯಾಟರಿ ಹತ್ತು ನಿಮಿಷ ಇಸ್ಕೊಂಡು ನಿಮ್ಮ ಡ್ರಿಲ್ಲಿಗೆ ಹಾಕಿ ನೋಡಿ. ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ, ದುಡ್ಡೂ ಇಲ್ಲ.

ಅವರ ಬ್ಯಾಟರಿಯಲ್ಲೂ ನಿಮ್ಮ ಡ್ರಿಲ್ ತಡವರಿಸಿದರೆ ತೊಂದರೆ ಮಿಷನ್ನಿನದು. ಹಿಂದುಗಡೆ ಗಾಳಿ ಕಿಂಡಿಯಲ್ಲಿ ಜಾಸ್ತಿ ಕಿಡಿ ಕಾಣ್ತಿದೆ, ಒಮ್ಮೊಮ್ಮೆ ತಟ್ಟಿದರೆ ಓಡುತ್ತೆ ಅಂದರೆ ಕಾರ್ಬನ್ ಬ್ರಷ್ ಸವೆದಿರುತ್ತೆ. ನನ್ನದರಲ್ಲಿ ಬ್ಯಾಟರಿಯ ಜೊತೆಗೆ ಇದೂ ಸವೆದಿತ್ತು, 120 ರೂಪಾಯಲ್ಲಿ ಹೊಸದು ಹಾಕಿಸಿದೆ. ಬ್ರಷ್‌ಲೆಸ್ ಅಂತ ಬರೆದ ಮಿಷನ್ನಿಗೆ ಈ ಕಾರ್ಬನ್ನೇ ಇರಲ್ಲ, ಅದು ಬೇರೆ. ಚಕ್ ಹಿಡಿದು ಅಲ್ಲಾಡಿಸಿ, ತುಂಬ ಆಟ ಇದ್ದರೆ, ಗೇರಿನಲ್ಲಿ ಕಟಕಟ ಶಬ್ದ ಇದ್ದರೆ, ಆ ಮಿಷನ್ನಿಗೆ ಹೊಸ ಬ್ಯಾಟರಿ ಹಾಕೋದು ದಂಡ.

ಬ್ಯಾಟರಿ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ಮೋಟಾರು ಸ್ಟಾರ್ಟರ್ ನೋಡೋಕೆ ಹೇಗೂ ಬೇಕಾಗುತ್ತೆ, ಇಲ್ಲದಿದ್ದರೆ ಒಂದು ತಗೊಳ್ಳಿ. ಮೊದಲು ಪಿನ್‌ಗಳ ಧೂಳು, ಕಿಲುಬು ಒಣ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಚಾರ್ಜ್ ಮಾಡಿ, ಒಂದು ಗಂಟೆ ಸುಮ್ಮನೆ ಇಟ್ಟು, ಪ್ಲಸ್ ಮೈನಸ್ ನಡುವೆ ಡಿಸಿ ವೋಲ್ಟ್ ನೋಡಿ. 20ರ ಮೇಲೆ ಇದ್ದರೆ ಚಾರ್ಜರ್ ತನ್ನ ಕೆಲಸ ಮಾಡಿದೆ. 20 ತೋರಿಸಿಯೂ ಕೆಲಸಕ್ಕೆ ಹಾಕಿದ ಕೂಡಲೇ ಬಿದ್ದರೆ ಸೆಲ್ ಮುದಿಯಾಗಿದೆ. ಹಸಿರು ದೀಪ ಬಂದರೂ 17, 18ರಲ್ಲೇ ನಿಂತಿದ್ದರೆ ಐದರಲ್ಲಿ ಒಂದು ಸೆಲ್ ಹೋಗಿರೋ ಸಾಧ್ಯತೆ ಜಾಸ್ತಿ. ಹತ್ತೋ ಹನ್ನೆರಡೋ ತೋರಿಸಿ ಚಾರ್ಜರ್ ಕೆಂಪು ದೀಪ ಮಿಣುಕಿಸಿದರೆ, ಅದು ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದ ಬ್ಯಾಟರಿ. ಕೆಲವರು ಇಂಥದಕ್ಕೆ ಇನ್ನೊಂದು ಬ್ಯಾಟರಿಯಿಂದ ವೈರ್ ಎಳೆದು "ಎಬ್ಬಿಸೋ" ವಿಡಿಯೋ ಹಾಕಿರ್ತಾರೆ. ಮಾಡ್ಬೇಡಿ. ಅಷ್ಟು ಬರಿದಾದ ಸೆಲ್ಲಿನ ಒಳಗೆ ಹಾನಿ ಆಗಿರುತ್ತೆ, ಎದ್ದ ಮೇಲೂ ಅದನ್ನ ನಂಬೋಕಾಗಲ್ಲ. ಚಾರ್ಜರ್ ಬೇಡ ಅಂತ ಹೇಳೋದು ಕಾರಣ ಇದ್ದೇ.

ಇನ್ನೂ ಹಳೇದು, ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ ಯಾರ ಹತ್ತಿರವಾದರೂ ಇದ್ದರೆ, ಅದಕ್ಕೆ ಒಂದು ರೂಪಾಯಿಯೂ ಹಾಕಬೇಡಿ. 1961ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಮೊದಲ ವೈರಿಲ್ಲದ ಡ್ರಿಲ್ ತಂದಾಗ ಹಾಕಿದ್ದು ಅದೇ ಬ್ಯಾಟರಿ, ಆ ಕಾಲಕ್ಕೆ ಅದು ದೊಡ್ಡದು. ಒಂದು ಸೆಲ್ 1.2 ವೋಲ್ಟ್ ಮಾತ್ರ, 18 ವೋಲ್ಟಿಗೆ ಹದಿನೈದು ಸೆಲ್ ಬೇಕು, ಭಾರ. ಸುಮ್ಮನೆ ಇಟ್ಟರೂ ಚಾರ್ಜ್ ಇಳಿಯುತ್ತೆ. ಕ್ಯಾಡ್ಮಿಯಂ ವಿಷ ಬೇರೆ. ಆ ಚಾರ್ಜರಿಗೆ ಲಿಥಿಯಂ ಬ್ಯಾಟರಿ ಯಾವತ್ತೂ ಸಿಕ್ಕಿಸಬಾರದು.

ಈಗ ಲೆಕ್ಕ

ನನ್ನ ಲೆಕ್ಕವನ್ನೇ ಬಿಡಿಸಿ ಹೇಳ್ತೀನಿ. ಬೆಲೆಗಳು ನನಗೆ ನಮ್ಮ ಕಡೆ ಹೇಳಿದ್ದು. ನಿಮ್ಮ ಊರಲ್ಲಿ, ನಿಮ್ಮ ಕಂಪನಿಗೆ ಬೇರೆ ಇರುತ್ತೆ. ಲೆಕ್ಕದ ದಾರಿ ಮಾತ್ರ ನೋಡಿಕೊಳ್ಳಿ.

ಅಸಲಿ 2 ಎಎಚ್ ಬ್ಯಾಟರಿ ಒಂದಕ್ಕೆ 3,400. ವ್ಯಾಟ್ ಅವರಿಗೆ 94 ರೂಪಾಯಿ. ಎರಡು ತಗೊಂಡರೆ 6,800. ಅದೇ ಕಂಪನಿಯ ಹೊಸ ಸೆಟ್, ಅಂದರೆ ಡ್ರಿಲ್, 2 ಎಎಚ್ ಬ್ಯಾಟರಿ ಎರಡು, ಚಾರ್ಜರ್, ಪೆಟ್ಟಿಗೆ ಎಲ್ಲ ಸೇರಿ 9,200. ಇಲ್ಲೇ ನೋಡಿ ಮಜಾ ಇರೋದು. ಎರಡು ಬ್ಯಾಟರಿ ಬೇಕಾದವನಿಗೆ ಇನ್ನು 2,400 ಹಾಕಿದರೆ ಹೊಸ ಡ್ರಿಲ್ಲು, ಹೊಸ ಚಾರ್ಜರು, ಹೊಸ ವಾರಂಟಿ. ಬರೀ ಡ್ರಿಲ್ ಮಾತ್ರ, ಬ್ಯಾಟರಿ ಇಲ್ಲದೆ, ಬಿಡಿಯಾಗಿ ಕೇಳಿದರೆ 3,900 ಅಂದರು. ಅಂದರೆ ಕಂಪನಿಯವರು ಸೆಟ್ಟನ್ನ ಅಗ್ಗಕ್ಕೆ ಕೊಟ್ಟು, ಆಮೇಲೆ ಬಿಡಿ ಬ್ಯಾಟರಿಯಲ್ಲಿ ದುಡ್ಡು ಮಾಡ್ತಾರೆ. ಅದು ಅವರ ವ್ಯಾಪಾರ. ನಮಗೆ ತಿಳಿದಿದ್ದರೆ ಆಯ್ತು.

ಹಾಗಾಗಿ ಒಂದೇ ಬ್ಯಾಟರಿ ಸಾಕು, ಡ್ರಿಲ್ ಗಟ್ಟಿ ಇದೆ, ಚಾರ್ಜರ್ ಸರಿ ಇದೆ ಅನ್ನೋರಿಗೆ ಅಸಲಿ ಬ್ಯಾಟರಿ ಒಂದು ತಗೊಳ್ಳೋದೇ ಲಾಭ. ಎರಡೂ ಬೇಕು, ಡ್ರಿಲ್ಲಿಗೂ ವಯಸ್ಸಾಗಿದೆ ಅನ್ನೋರಿಗೆ ಸೆಟ್. ಆದರೆ ಸೆಟ್ ತಗೊಳ್ಳುವಾಗ ಒಳಗಿನ ಬ್ಯಾಟರಿ ಎಷ್ಟು ಎಎಚ್ ಅಂತ ನೋಡಿ. ಹಬ್ಬದ ಆಫರ್ ಸೆಟ್ಟಿನಲ್ಲಿ 1.5 ಇಟ್ಟು ಕೊಡೋದುಂಟು. 2 ಎಎಚ್ ಎರಡು ಅಂದರೆ 72 ವ್ಯಾಟ್ ಅವರ್, 1.5 ಎರಡು ಅಂದರೆ 54. ಕಾಲು ಭಾಗ ಹೋಯ್ತಲ್ಲ.

ಮೂರನೇ ದಾರಿ ಒಂದಿದೆ, ಹಳೇ ಡಬ್ಬಕ್ಕೆ ಹೊಸ ಸೆಲ್ ಹಾಕಿಸೋದು. ಇದಕ್ಕೆ ಆ ಹುಡುಗ 1,900 ಹೇಳಿದ, 2.5 ಎಎಚ್ ಸೆಲ್ ಐದು. 45 ವ್ಯಾಟ್ ಅವರ್, ಅಂದರೆ ಒಂದಕ್ಕೆ 42 ರೂಪಾಯಿ. ಅಸಲಿಯ ಅರ್ಧ ಬೆಲೆಗೂ ಕಡಿಮೆ, ಶಕ್ತಿ ಜಾಸ್ತಿ. ಕೇಳೋಕೆ ಚೆನ್ನಾಗಿದೆ. ಆದರೆ ಇದು ಮಾಡೋನ ಕೈ ಮೇಲೆ ನಿಂತಿದೆ. ಕೊಡೋ ಮೊದಲು ನಾನು ಕೇಳಿದ್ದು ಇಷ್ಟು: ಯಾವ ಕಂಪನಿಯ ಸೆಲ್, ಎಷ್ಟು ಆಂಪಿಯರ್ ಕೊಡುತ್ತೆ? ಐದೂ ಹೊಸದಾ, ಒಂದೇ ಲಾಟಿನದಾ? ನಿಕಲ್ ಪಟ್ಟಿಯನ್ನ ಸ್ಪಾಟ್ ವೆಲ್ಡ್ ಮಾಡ್ತೀಯಾ, ಇಲ್ಲಾ ಸೆಲ್ ಮೇಲೇ ಬೆಸುಗೆ ಕಾಯಿಸಿ ಹಾಕ್ತೀಯಾ? ಬೋರ್ಡಿನ ಎಲ್ಲಾ ವೈರನ್ನೂ ವಾಪಸ್ ಹಾಕ್ತೀಯಾ? ಬೆಸುಗೆ ಕಡ್ಡಿಯ ಶಾಖಕ್ಕೆ ಸೆಲ್ ಹಾಳಾಗುತ್ತೆ, ಆ ಥರ ಮಾಡೋರ ಹತ್ತಿರ ಕೊಡಲೇಬೇಡಿ. ಮನೆಯಲ್ಲಿ ನೀವೇ ಪ್ರಯತ್ನ ಮಾಡೋ ಕೆಲಸವೂ ಅಲ್ಲ ಇದು. ಸ್ಕ್ರೂಡ್ರೈವರ್ ಒಂದು ಜಾರಿ ಪ್ಲಸ್ ಮೈನಸ್ ಮುಟ್ಟಿದರೆ ಕೆಂಡದ ಹಾಗೆ ಆಗುತ್ತೆ.

ಇನ್ನೊಂದು ತೊಡಕು. ಕೆಲವು ಬ್ಯಾಟರಿಯ ಬೋರ್ಡು ಒಮ್ಮೆ ದೋಷ ಕಂಡರೆ ಶಾಶ್ವತವಾಗಿ ಬೀಗ ಹಾಕಿಕೊಳ್ಳುತ್ತೆ. ಸೆಲ್ ಹೊಸದು ಹಾಕಿದರೂ ಅದು ಬಿಡಲ್ಲ. ಅದಕ್ಕೇ "ಕೆಲಸ ಮಾಡಿದರೆ ಮಾತ್ರ ದುಡ್ಡು" ಅಂತ ಮೊದಲೇ ಮಾತಾಡಿಕೊಳ್ಳಿ.

ನಾಲ್ಕನೇ ದಾರಿಯನ್ನ ಯಾರೂ ಯೋಚಿಸಲ್ಲ: ವೈರ್ ಇರೋ ಡ್ರಿಲ್. ನಮ್ಮ ಭಾವನಿಗೆ ಅದನ್ನೇ ಹೇಳಿದೆ. ಅವರದು ವರ್ಷಕ್ಕೆ ನಾಲ್ಕು ದಿನದ ಕೆಲಸ, ಅದೂ ಮನೆ ಅಂಗಳದಲ್ಲೇ. 2,200ಕ್ಕೆ ಒಳ್ಳೆ ವೈರ್ ಡ್ರಿಲ್ ಬಂತು, ಬ್ಯಾಟರಿ ಚಿಂತೆಯೇ ಇಲ್ಲ, ಗೋಡೆಗೂ ಹೊಡೆಯುತ್ತೆ. ತೋಟದ ಮಧ್ಯೆ ಕೆಲಸ ಇರೋರಿಗೆ ಇದು ಆಗಲ್ಲ. ಕರೆಂಟ್ ಪಂಪ್‌ಹೌಸಿನ ಹತ್ತಿರ ಇರುತ್ತೆ, ತೂತು ಇನ್ನೂರು ಮೀಟರ್ ಆಚೆ ಇರುತ್ತೆ, ವೈರ್ ಎಳೆದುಕೊಂಡು ಹೋದರೂ ಒದ್ದೆ ನೆಲದಲ್ಲಿ ಅಪಾಯ.

ಸ್ಪ್ರೇಯರ್ ಬೇರೆ, ಡ್ರಿಲ್ ಬೇರೆ

"ನಮ್ಮ ಬೆನ್ನಿನ ಸ್ಪ್ರೇಯರಿಗೂ ಇದೇ ಲೆಕ್ಕನಾ?" ಅಂತ ಕೇಳ್ತೀರಿ. ಅಲ್ಲ. ನಮ್ಮಲ್ಲಿ ಹೆಚ್ಚಿನ ಬ್ಯಾಟರಿ ಸ್ಪ್ರೇಯರಿನ ಒಳಗೆ ಇರೋದು 12 ವೋಲ್ಟ್, 8 ಎಎಚ್ ಸೀಸದ ಬ್ಯಾಟರಿ. ಅದು ಒಂದು ಸಾಮಾನ್ಯ ಅಳತೆ, ಯಾವ ಕಂಪನಿಯ ಸ್ಪ್ರೇಯರಿಗೆ ಯಾವ ಕಂಪನಿಯ ಬ್ಯಾಟರಿಯಾದರೂ ಕೂರುತ್ತೆ. ಕೆಳಗಿನ ನಾಲ್ಕು ಸ್ಕ್ರೂ ಬಿಚ್ಚಿ ಎರಡು ವೈರ್ ಬದಲಾಯಿಸಿದರೆ ಮುಗೀತು. ಟ್ಯಾಂಕ್ ಒಡೆದಿಲ್ಲ, ಪಂಪ್ ಓಡುತ್ತೆ ಅಂದರೆ ಅಲ್ಲಿ ಯಾವಾಗಲೂ ಬ್ಯಾಟರಿಯೇ ಹಾಕಿಸಿ, ಹೊಸ ಸ್ಪ್ರೇಯರ್ ಬೇಡ. ಆ ಬ್ಯಾಟರಿ ಸಾಯೋದು ಜಾಸ್ತಿ ಕೆಲಸದಿಂದಲ್ಲ, ಸೀಸನ್ ಮುಗಿದ ಮೇಲೆ ಬರಿದಾಗಿ ಮೂಲೆಯಲ್ಲಿ ಬಿದ್ದಿರೋದರಿಂದ. ಸೀಸದ ತಟ್ಟೆಯ ಮೇಲೆ ಬಿಳಿ ಗಡ್ಡೆ ಕಟ್ಟುತ್ತೆ. ಸೀಸದ್ದನ್ನ ಪೂರ್ತಿ ಚಾರ್ಜ್ ಮಾಡಿ ಇಡಬೇಕು, ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಲಿಥಿಯಂ ಇದಕ್ಕೆ ಉಲ್ಟಾ, ಅದನ್ನ ಅರ್ಧ ಚಾರ್ಜಿನಲ್ಲಿ ಇಟ್ಟರೆ ಬಾಳಿಕೆ. ಸ್ಪ್ರೇಯರಿನ ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸಿದರೆ ಚಾರ್ಜರನ್ನೂ ಬದಲಾಯಿಸಲೇಬೇಕು.

ಡ್ರಿಲ್ಲಿನಲ್ಲಿ ಹಾಗಲ್ಲ, ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ. ಕೆಲವು ಸಲ ಒಂದೇ ಕಂಪನಿಯೊಳಗೂ ಕೂರಲ್ಲ. ಬಾಷ್‌ನ ನೀಲಿ ಬಣ್ಣದ 18 ವೋಲ್ಟ್ ಮಿಷನ್ನಿನ ಬ್ಯಾಟರಿ ಅದರದೇ ಹಸಿರು ಬಣ್ಣದ 18 ವೋಲ್ಟ್ ಮಿಷನ್ನಿಗೆ ಆಗಲ್ಲ, ಒಂದು ವೃತ್ತಿಯವರಿಗೆ, ಇನ್ನೊಂದು ಮನೆ ಬಳಕೆಗೆ. ಮಕೀಟಾದ 18 ವೋಲ್ಟ್ ಎಲ್‌ಎಕ್ಸ್‌ಟಿ 2005ರಿಂದ ನಡೀತಿದೆ, ಅಂಥ ಹಳೇ ಸಾಲಿನ ಬ್ಯಾಟರಿ ಇವತ್ತೂ ಸಿಗುತ್ತೆ. ಹೆಸರಿಲ್ಲದ ಮಿಷನ್ನಿನ ಬ್ಯಾಟರಿ ಎರಡು ವರ್ಷ ಬಿಟ್ಟು ಸಿಗುತ್ತೋ ಇಲ್ವೋ ದೇವರೇ ಬಲ್ಲ. ಅದಕ್ಕೇ ನಾನು ಹೇಳೋದು, ಡ್ರಿಲ್ ತಗೊಳ್ಳುವಾಗ ನೀವು ನಿಜವಾಗಿ ಆರಿಸೋದು ಬ್ಯಾಟರಿಯ ಮನೆತನವನ್ನ. ಮುಂದೆ ಕೊಂಬೆ ಕತ್ತರಿಸೋ ಗರಗಸ, ಗ್ರೈಂಡರ್, ಬ್ಲೋವರ್ ಬರೀ ಮಿಷನ್ ಮಾತ್ರ ತಂದು ಅದೇ ಬ್ಯಾಟರಿ ಸಿಕ್ಕಿಸಬಹುದು. ಈ ಯೋಚನೆ ಇದ್ದರೆ ಹಳೇ ಡ್ರಿಲ್ಲಿಗೆ ಅಸಲಿ ಬ್ಯಾಟರಿ ತಗೊಂಡ ದುಡ್ಡು ವ್ಯರ್ಥ ಅಲ್ಲ, ಡ್ರಿಲ್ ಹೋದರೂ ಬ್ಯಾಟರಿ ಕೆಲಸಕ್ಕೆ ಬರುತ್ತೆ. ನಿಮ್ಮದು 14.4 ವೋಲ್ಟ್ ಥರದ ಹಿಂದೆ ಬಿದ್ದ ಸಾಲಿನದಾದರೆ ಅದಕ್ಕೆ ದುಡ್ಡು ಸುರಿಯೋದಕ್ಕಿಂತ 18ಕ್ಕೆ ಹೋಗೋದೇ ವಾಸಿ.

ಅಸಲಿ ತಗೊಳ್ಳುವಾಗಲೂ ಡಬ್ಬದ ಮೇಲಿನ ತಯಾರಿ ತಿಂಗಳು ನೋಡಿ. ಲಿಥಿಯಂ ಸೆಲ್ ಬಳಸದಿದ್ದರೂ ವಯಸ್ಸಾಗುತ್ತೆ. ಅಂಗಡಿಯ ಮೂಲೆಯಲ್ಲಿ ಮೂರು ವರ್ಷ ಧೂಳು ತಿಂದದ್ದನ್ನ ಹೊಸ ಬೆಲೆಗೆ ಕೊಡ್ತಾರೆ. ಬಿಲ್ ಕೇಳಿ ಇಸ್ಕೊಳ್ಳಿ, ಫೋಟೋ ತೆಗೆದು ಮೊಬೈಲಲ್ಲಿ ಇಟ್ಟುಕೊಳ್ಳಿ.

ನಾನೇನು ಮಾಡಿದೆ

ನನ್ನ ಡ್ರಿಲ್ಲಿನ ಚಕ್ ಗಟ್ಟಿ ಇತ್ತು, ಗೇರು ಶಬ್ದ ಇರಲಿಲ್ಲ, ಚಾರ್ಜರ್ ಸರಿ ಇತ್ತು. ಅಸಲಿ ಬ್ಯಾಟರಿ ಒಂದು 3,400. ಹಳೇದರಲ್ಲಿ ಬೋರ್ಡ್ ಚೆನ್ನಾಗಿದ್ದ ಒಂದಕ್ಕೆ ಸೆಲ್ ಹಾಕಿಸಿದ್ದು 1,900. ಕಾರ್ಬನ್ 120. ಒಟ್ಟು 5,420. ಸೆಟ್ ತಂದಿದ್ದರೆ 9,200. ಉಳಿದದ್ದು 3,780 ಅಂತ ಹೆಮ್ಮೆಯಿಂದ ಅಪ್ಪನಿಗೆ ಹೇಳಿದೆ. "ಮೊದಲು ಸುಟ್ಟ 2,500 ಎಲ್ಲಿ ಬರ್ಕೊಂಡೆ?" ಅಂದರು. ಅದನ್ನ ಕಳೆದರೆ ಉಳಿದದ್ದು 1,280.

ಈಗ ಪ್ರತಿ ಬ್ಯಾಟರಿ ಮೇಲೆ ಪರ್ಮನೆಂಟ್ ಪೆನ್ನಿನಲ್ಲಿ ಅಂಕಿ ಬರೆದಿದ್ದೀನಿ. ಶೀಟ್ ಹೊದೆಸೋ ಕೆಲಸ ಬಂದಾಗ ಒಂದು ಚಾರ್ಜಿಗೆ ಎಷ್ಟು ಸ್ಕ್ರೂ ಹೋಯ್ತು ಅಂತ ಮೊಬೈಲಿನ ನೋಟ್ಸಿನಲ್ಲಿ ಹಾಕ್ತೀನಿ. ಎಎಚ್ ಅಳೆಯೋ ಟೆಸ್ಟರ್ ನಮ್ಮ ಹತ್ತಿರ ಇಲ್ಲ, ಆದರೆ ಸ್ಕ್ರೂ ಎಣಿಸೋಕೆ ಬರುತ್ತಲ್ಲ. ಅದೇ ತಗಡು, ಅದೇ ಸ್ಕ್ರೂಗೆ ಮೊದಲಿನ ಲೆಕ್ಕದ ಅರ್ಧಕ್ಕೆ ಇಳಿದರೆ ಬದಲಾಯಿಸೋ ಕಾಲ ಬಂತು ಅಂತ. ಸೀಸನ್ ನಡುವೆ ಕೈ ಕೊಡೋವರೆಗೆ ಕಾಯಬೇಕಾಗಿಲ್ಲ.

ಉಪಯೋಗದಲ್ಲಿ ಬದಲಾಯಿಸಿಕೊಂಡದ್ದು: ಡ್ರಿಲ್ ಶಕ್ತಿ ಕುಗ್ಗಿದ ಕೂಡಲೇ ನಿಲ್ಲಿಸ್ತೀನಿ, ಪೂರ್ತಿ ಸಾಯೋವರೆಗೆ ಹಿಂಡಲ್ಲ. ಕೆಲಸ ಮುಗಿದ ಬಿಸಿ ಬ್ಯಾಟರಿಯನ್ನ ಅರ್ಧ ಗಂಟೆ ನೆರಳಲ್ಲಿ ಇಟ್ಟು ಆಮೇಲೆ ಚಾರ್ಜಿಗೆ. ಬೇಸಿಗೆಯಲ್ಲಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ, ತಗಡಿನ ಶೆಡ್ಡಿನಲ್ಲಿ ಬಿಡಲ್ಲ, ಶಾಖದಷ್ಟು ಬೇಗ ಲಿಥಿಯಂ ತಿನ್ನೋದು ಬೇರೊಂದಿಲ್ಲ. ಮಣ್ಣಿಗೆ ಗುಂಡಿ ತೋಡೋ ಆಗರ್ ಬಿಟ್ಟನ್ನ ಈ ಸಣ್ಣ ಡ್ರಿಲ್ಲಿಗೆ ಹಾಕೋದನ್ನ ನಿಲ್ಲಿಸಿದೆ. ಅದು ಮೋಟಾರನ್ನೂ ಸುಡುತ್ತೆ, ಬ್ಯಾಟರಿಯನ್ನೂ ಸುಡುತ್ತೆ.

ಸತ್ತ ಬ್ಯಾಟರಿಯನ್ನ ತಿಪ್ಪೆಗೆ ಎಸೀಬೇಡಿ, ಗುಜರಿಯವನ ಚೀಲಕ್ಕೂ ಹಾಕ್ಬೇಡಿ. ಅಲ್ಲಿ ಜಜ್ಜಿದರೆ ಬೆಂಕಿ. ಕೇಂದ್ರ ಸರ್ಕಾರದ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸೋ ಹೊಣೆ ತಯಾರಿಸೋ ಕಂಪನಿಗಳದ್ದು. ಕಂಪನಿಯ ಸರ್ವಿಸ್ ಸೆಂಟರಿಗೆ ಹೋದಾಗ ಪಿನ್ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಕೊಟ್ಟು ಬನ್ನಿ.

ಚಾರ್ಜಿಂಗ್ ಜಾಗವನ್ನ ಮನೆಯ ಮುಂದಿನ ಜಗುಲಿಗೆ ತಂದೆವು. ಕೆಳಗೆ ಕಡಪ ಕಲ್ಲು, ಸುತ್ತ ಮೂರಡಿ ಏನೂ ಇಲ್ಲ, ಪಕ್ಕದಲ್ಲಿ ಒಂದು ಬಕೆಟ್ ಮರಳು. ಹಗಲು ಮಾತ್ರ, ಯಾರಾದರೂ ಎಚ್ಚರ ಇದ್ದಾಗ. ಸಂಜೆ ಏಳಾದ ಮೇಲೆ ಪ್ಲಗ್ಗಿನಲ್ಲಿ ಏನಾದರೂ ಇದ್ದರೆ ಅಪ್ಪ ಕೇಳೋದೇ ಇಲ್ಲ, ಕಿತ್ತು ಇಡ್ತಾರೆ. ಮೊಬೈಲನ್ನೂ.